ನೆರೆ ಇಳಿದ ಮೇಲಿನ ಬಾವಿಯ ನೀರು: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಬಳಿ ತುಂಗಾ ಹೊಳೆಯೊಳಗಿನ ಮಂಟಪ ಮುಳುಗಿತೆಂಬ ಸುದ್ದಿ ಬಂದರೆ, ವಾರದೊಳಗೆ ಈ ಅಂಕಣಕ್ಕೆ ಯಾವ ಪ್ರಶ್ನೆಗಳು ಬರುತ್ತವೆಂಬುದು ನನಗೆ ಮೊದಲೇ ತಿಳಿದಿರುತ್ತದೆ. 2019ರ ಆಗಸ್ಟ್‌ನಲ್ಲಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದಾಗ ಹೇಳಿದ್ದನ್ನೇ ಇಂದಿಗೂ ಹೇಳಬೇಕಾಗಿ ಬಂದಿರುವುದು ಬೇಸರದ ಸಂಗತಿ.

ಎರಡು ದಿನ ನಮ್ಮ ಬಾವಿಕಟ್ಟೆ ಮುಳುಗಿತ್ತು. ನೆರೆ ಇಳಿದ ಮೇಲೆ ಪಟಿಕ ಹಾಕಿ, ಎರಡು ಹಿಡಿ ಬ್ಲೀಚಿಂಗ್ ಪೌಡರ್ ಎರಚಿದ್ದೇವೆ. ನೀರು ತಿಳಿಯಾಗಿದೆ. ಕುಡಿಯಬಹುದೇ?

ಕುಡಿಯಬಾರದು. ಪಟಿಕ ಕೆಸರನ್ನು ತಳಕ್ಕೆ ಕೂರಿಸುತ್ತದೆಯೇ ಹೊರತು ರೋಗಾಣುಗಳನ್ನು ಕೊಲ್ಲುವುದಿಲ್ಲ. ನಿಮ್ಮ ಬಾವಿಗೆ ಇಳಿದದ್ದು ಬರಿಯ ಹೊಳೆಯ ನೀರಲ್ಲ, ಚರಂಡಿ, ಶೌಚದ ಗುಂಡಿ, ಕೊಟ್ಟಿಗೆಗಳನ್ನೆಲ್ಲ ತೊಳೆದುಕೊಂಡು ಬಂದ ನೀರು. ಹರಿಯುವ ನೀರಿಗೆ ದೋಷವಿಲ್ಲವೆಂದು ವಾದಿಸುವವರು, ಬಾವಿಗೆ ಬಿದ್ದ ನೀರು ಅಲ್ಲಿಂದ ಮುಂದೆ ಹರಿಯುವುದಿಲ್ಲವೆಂಬುದನ್ನು ಗಮನಿಸಬೇಕು.

ರಾಡಿ ನೀರಿಗೆ ಪೌಡರ್ ಹಾಕಿದರೆ ಅದರ ಕ್ಲೋರಿನ್ನೆಲ್ಲ ಕೊಳೆಯ ಮೇಲೆಯೇ ಖರ್ಚಾಗುತ್ತದೆ. ಆದ್ದರಿಂದ ಮೊದಲು ಬಾವಿಯನ್ನು ಖಾಲಿ ಮಾಡಿಸಬೇಕು. ಆದರೆ ಹೊಳೆ ತುಂಬಿರುವಾಗಲೇ ಅವಸರಪಟ್ಟು ನೀರೆತ್ತಿದರೆ, ಸುತ್ತಲಿನ ನೆನೆದ ಮಣ್ಣಿನ ಒತ್ತಡಕ್ಕೆ ಬಾವಿಯ ಗೋಡೆ ಒಳಕ್ಕೆ ಕುಸಿಯುವ ಅಪಾಯವಿರುವುದರಿಂದ, ಬಾವಿಯ ಮಟ್ಟ ತಾನಾಗಿಯೇ ಇಳಿಯುವವರೆಗೆ ಕಾಯಿರಿ. ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಬೇಡಿ. ಅದರ ಹೊಗೆ ಒಳಗೇ ನಿಂತು, ಇಳಿದವನನ್ನೂ ಅವನನ್ನು ಎತ್ತಲು ಹೋದವನನ್ನೂ ಬಲಿ ತೆಗೆದುಕೊಳ್ಳುತ್ತದೆ.

ಹೊಸ ನೀರು ಬಂದ ಮೇಲೆ ಲೆಕ್ಕ ಹಾಕಿ ಪೌಡರ್ ಹಾಕಬೇಕು, ಹಿಡಿಯ ಅಳತೆಯಲ್ಲಿ ಅಲ್ಲ. ಬಾವಿಯ ವ್ಯಾಸ 2 ಮೀಟರ್, ನೀರಿನ ಆಳ 5 ಮೀಟರ್ ಇದ್ದರೆ ಅದರಲ್ಲಿ ಸುಮಾರು 15,700 ಲೀಟರ್ ನೀರಿರುತ್ತದೆ. ಸಾಮಾನ್ಯ ದಿನಗಳಲ್ಲಿ 1,000 ಲೀಟರಿಗೆ 2.5 ಗ್ರಾಂನಂತೆ, ಅಂದರೆ ಸುಮಾರು 40 ಗ್ರಾಂ, ಹೊಸ ಪೌಡರ್ ಸಾಕಾಗುತ್ತದೆ. ನೆರೆ ಕಂಡ ಬಾವಿಗೆ ಇದು ಆರಂಭದ ಅಳತೆ ಮಾತ್ರ. ಮಳೆಗಾಲದ ತೇವದಲ್ಲಿ ಬಾಯಿ ತೆರೆದಿಟ್ಟ ಚೀಲದ ಪೌಡರ್ ಸತ್ವ ಕಳೆದುಕೊಂಡು ಸುಣ್ಣದ ಪುಡಿಯಂತಾಗಿರುತ್ತದೆ, ಅದನ್ನು ನೆಚ್ಚಬೇಡಿ. ಪೌಡರನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಗಂಜಿಯಂತೆ ಕಲಸಿ, ನೀರು ಬೆರೆಸಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್ಟಿಗೆ ಬಸಿದುಕೊಳ್ಳಿ. ಆ ಬಕೆಟ್ಟನ್ನು ಹಗ್ಗದಲ್ಲಿ ನೀರಿನೊಳಕ್ಕೆ ಇಳಿಸಿ, ಮೇಲಕ್ಕೂ ಕೆಳಕ್ಕೂ ಆಡಿಸಿ ಬೆರೆಸಿರಿ. ತಳದ ಸುಣ್ಣವನ್ನು ಬಾವಿಗೆ ಹಾಕಿದರೆ ನೀರು ಗಡಸಾಗುತ್ತದೆ.

ಒಂದು ಗಂಟೆಯ ನಂತರ ಆರೋಗ್ಯ ಕಾರ್ಯಕರ್ತರನ್ನು ಕೇಳಿಕೊಂಡು ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ಪರೀಕ್ಷೆ ಮಾಡಿಸಿ. ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಉಳಿಯದಿದ್ದರೆ ಇಡೀ ಕೆಲಸವನ್ನು ಮತ್ತೆ ಮಾಡಬೇಕು. ಆಮೇಲೂ ಮಳೆಗಾಲ ಮುಗಿಯುವವರೆಗೆ ಕುದಿಸಿಯೇ ಕುಡಿಯಿರಿ. ಉಗುರುಬೆಚ್ಚಗೆ ಮಾಡುವುದು ಕುದಿಸುವುದಲ್ಲ. ನೀರು ಕೊತಕೊತನೆ ಕುದಿಯಲು ತೊಡಗಿದ ಮೇಲೆ ಒಂದು ನಿಮಿಷವಾದರೂ ಒಲೆಯ ಮೇಲಿರಬೇಕು. ನನ್ನ ಮನೆಯಲ್ಲಿ ಇದಕ್ಕೆ ರಿಯಾಯಿತಿಯಿಲ್ಲ, ನೆಂಟರಿಗೂ ಇಲ್ಲ. ನೀರಿಗೆ ಡೀಸೆಲ್ ಅಥವಾ ತೋಟದ ಔಷಧಿಯ ವಾಸನೆ ಬಂದಿದ್ದರೆ ಕುದಿಸಿಯೂ ಪ್ರಯೋಜನವಿಲ್ಲ, ಆ ಬಾವಿಯನ್ನು ಸದ್ಯಕ್ಕೆ ಬಿಟ್ಟುಬಿಡಿ.

ಕೆಸರು ತೆಗೆದ ವಾರದ ಮೇಲೆ ಯಜಮಾನರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಹಳದಿ. ಕಾಮಾಲೆಗೆ ನಾಟಿ ಔಷಧಿ ಕೊಡಿಸಬಹುದೇ?

ಇದನ್ನು ಓದಿದ ಕೂಡಲೇ ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ, ನೆರೆಯ ನೀರಿನಲ್ಲಿ ಓಡಾಡಿದ್ದನ್ನು ವೈದ್ಯರಿಗೆ ನೀವಾಗಿಯೇ ಹೇಳಿರಿ. ಇದು ಇಲಿಜ್ವರ ಇರಬಹುದು. ಇಲಿಯ ಮೂತ್ರ ಬೆರೆತ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕವೂ ಅದು ದೇಹವನ್ನು ಹೊಕ್ಕುತ್ತದೆ. ಬೇಗ ಹಿಡಿದರೆ ಸಾಧಾರಣ ಪ್ರತಿಜೀವಕಗಳಿಗೆ ಬಗ್ಗುವ ಈ ರೋಗಕ್ಕೆ ಹಸಿರು ಕಷಾಯ ಕುಡಿಸಿ, ಪಥ್ಯ ಮಾಡಿಸಿ, ಮೂತ್ರ ನಿಂತ ಮೇಲೆ ಕರೆತಂದ ರೋಗಿಗಳನ್ನು ನಾನು ಕಂಡಿದ್ದೇನೆ. ಆ ಹೊತ್ತಿಗೆ ಮೂತ್ರಪಿಂಡಗಳು ಸೋತಿರುತ್ತವೆ. ಕಾಮಾಲೆಯೆಲ್ಲವೂ ಒಂದೇ ಎಂದು ನಂಬಿಸಿ ಔಷಧಿ ಕೊಡುವವರು ಮಾಡುತ್ತಿರುವುದು ಅಪರಾಧ. ಮೈಕೈ ನೋವಿಗೆಂದು ಅಂಗಡಿಯ ಡೈಕ್ಲೋಫೆನಾಕ್ ಮಾತ್ರೆಯನ್ನೂ ಕೊಡಬೇಡಿ.

ನೆನೆದ ಅಕ್ಕಿಯನ್ನು ಒಣಗಿಸಿ ಬಳಸಬಹುದೇ?

ನೆರೆಯ ನೀರು ಸೋಕಿದ್ದರೆ ಬಳಸಬಾರದು, ಮೂಟೆ ಎಷ್ಟೇ ದೊಡ್ಡದಿರಲಿ.

ಹಾವು ಕಚ್ಚಿದರೆ ಕೊಯ್ದು ವಿಷ ಹೀರಬೇಕೇ?

ಬೇಡ; ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಕಚ್ಚಿದ ಅಂಗವನ್ನು ಅಲುಗಾಡಿಸದೆ ನೇರವಾಗಿ ಆಸ್ಪತ್ರೆಗೆ ಹೋಗಿ.