ಪ್ರತಿಕ್ರಿಯೆ: ಹೊಸ ಪಕ್ಷದ ಅರ್ಜಿ ವಾಪಸ್ ಬಂದಿದ್ದಕ್ಕೆ

ಯುಗಾದಿಗೆ ತೀರ್ಥಹಳ್ಳಿಯಲ್ಲಿ ಪಕ್ಷ ಕಟ್ಟಿದಿರಿ, ನೋಂದಣಿ ಅರ್ಜಿ ಕಳಿಸಿದ್ದು ಮಳೆ ಹಿಡಿದ ಮೇಲೆ. ವಾಪಸ್ ಬರಲು ಬಹುಶಃ ಅದೇ ಕಾರಣ. ಸ್ಥಾಪನೆಯಾದ 30 ದಿನದೊಳಗೆ ದೆಹಲಿಯ ಚುನಾವಣಾ ಆಯೋಗಕ್ಕೆ ಸಲ್ಲಿಸಬೇಕು.

ಸ್ಥಾಪನಾ ಸಭೆ ಮತ್ತೆ ಕರೆಯಿರಿ. ಆದರೆ ಮೊದಲು ಪಕ್ಷದ ನಿಯಮಾವಳಿ ಬರೆದು ಮುಗಿಸಿ. ಸಂವಿಧಾನಕ್ಕೆ ನಿಷ್ಠೆಯ ಮಾತನ್ನು 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 29ಎ ಕಲಮಿನಲ್ಲಿ ಇರುವ ಹಾಗೇ ಇಳಿಸಿ.

ಜಾಸ್ತಿ ಕಷ್ಟ ಕನಿಷ್ಠ 100 ಸದಸ್ಯರನ್ನು ಹೊಂದಿಸೋದು. ಎಲ್ಲರೂ ಮತದಾರರಾಗಿರಬೇಕು, ಬೇರೆ ಪಕ್ಷದಲ್ಲಿಲ್ಲ ಅಂತ ಒಬ್ಬೊಬ್ಬರೂ ಅಫಿಡವಿಟ್ ಕೊಡಬೇಕು. ನಮ್ಮ ಪಕ್ಷದ ಅರ್ಜಿ ಹಾಕುವಾಗ ಒಬ್ಬರ ಹೆಸರು ಮತದಾರರ ಪಟ್ಟಿಯಲ್ಲಿ ‘ಮಂಜಪ್ಪ’, ಅಫಿಡವಿಟ್‌ನಲ್ಲಿ ‘ಮಂಜುನಾಥ’ ಅಂತಾಗಿ ಮತ್ತೆ ನೋಟರಿ ಹತ್ತಿರ ಓಡಿದ್ದೆವು. ಹೆಸರು ಅಕ್ಷರ ಅಕ್ಷರ ತಾಳೆ ನೋಡಿ.

10,000 ರೂಪಾಯಿ ಡಿಡಿ ಜೊತೆಗಿಡಿ. ಎರಡು ರಾಷ್ಟ್ರೀಯ, ಎರಡು ಸ್ಥಳೀಯ ದಿನಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ಆ ಖರ್ಚನ್ನೂ ಈಗಲೇ ಎತ್ತಿಡಿ.