ಮಗನ ತೆರಿಗೆ ಬಿಲ್‌ನಲ್ಲಿ 'ಪ್ಯಾರಿಷ್' ಅಂತ ಇದೆ, ಅದು ಚರ್ಚಿಗೆ ಕೊಡುವ ದುಡ್ಡಾ?

ಪ್ರಶ್ನೆ: ನನ್ನ ಮಗ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಮನೆ ತಗೊಂಡಿದ್ದಾನೆ. ಕೌನ್ಸಿಲ್ ಟ್ಯಾಕ್ಸ್ ಬಿಲ್‌ನಲ್ಲಿ 'ಪ್ಯಾರಿಷ್' ಅಂತ ಬೇರೆ ಸಾಲೇ ಇದೆ. ಪ್ಯಾರಿಷ್ ಅಂದರೆ ಚರ್ಚಿನ ವ್ಯಾಪ್ತಿ ಅಲ್ವಾ? ನಾವು ಚರ್ಚಿಗೆ ಹೋಗುವವರಲ್ಲ. ಈ ದುಡ್ಡು ಯಾಕೆ?

ಉತ್ತರ: ಆ ದುಡ್ಡು ಚರ್ಚಿಗೆ ಹೋಗುವುದಿಲ್ಲ. ಪ್ಯಾರಿಷ್ ಕೌನ್ಸಿಲ್‌ಗೆ ಹೋಗುತ್ತದೆ. ನಮ್ಮ ಗ್ರಾಮ ಪಂಚಾಯಿತಿ ಇದ್ದ ಹಾಗೆ, ಆದರೆ ಕೆಲಸ ಇನ್ನೂ ಸಣ್ಣದು: ಮಕ್ಕಳ ಆಟದ ಜಾಗ, ಬೆಂಚು, ಬಸ್ ತಂಗುದಾಣ, ಕೆಲವು ಕಡೆ ಸ್ಮಶಾನ.

ಹಾಗಂತ ನಿಮ್ಮ ಅನುಮಾನ ಸುಮ್ನೆ ಬಂದದ್ದಲ್ಲ. ಹೆಸರೂ ಎಲ್ಲೆಯೂ ಚರ್ಚಿನಿಂದಲೇ ಬಂದವು. ಮಧ್ಯಯುಗದಲ್ಲಿ ರೈತ ಬೆಳೆದ ಕಾಳು, ಹುಟ್ಟಿದ ಕುರಿಮರಿ, ಎಲ್ಲದರಲ್ಲೂ ಹತ್ತನೇ ಒಂದು ಪಾಲು ಚರ್ಚಿಗೆ ಸಲ್ಲಬೇಕಿತ್ತು. ಯಾವ ಹೊಲದ ಪಾಲು ಯಾವ ಚರ್ಚಿಗೆ ಅಂತ ಗೊತ್ತಾಗಬೇಕಲ್ಲ? ಅದಕ್ಕೆ ಎಲ್ಲೆ ಬೇಕಾಯಿತು. 12ನೇ ಶತಮಾನದ ಹೊತ್ತಿಗೆ ಬಹುಪಾಲು ಎಲ್ಲೆಗಳು ಗಟ್ಟಿಯಾಗಿದ್ದವು.

ನಕ್ಷೆ ಇರಲಿಲ್ಲ, ನೆನಪೇ ದಾಖಲೆ. ಈಸ್ಟರ್ ಕಳೆದು ಐದಾರು ವಾರಕ್ಕೆ ಪಾದ್ರಿ, ಊರ ಹಿರಿಯರು, ಹುಡುಗರು ಎಲ್ಲ ಸೇರಿ ವಿಲೋ ಮರದ ಕೋಲು ಹಿಡಿದು ಎಲ್ಲೆ ಸುತ್ತುತ್ತಿದ್ದರು. ಗಡಿಕಲ್ಲು ಸಿಕ್ಕ ಕಡೆ ಅದಕ್ಕೆ ಕೋಲಿನಿಂದ ಬಾರಿಸಿ, ಒಬ್ಬ ಹುಡುಗನನ್ನು ಎತ್ತಿ ಅದೇ ಕಲ್ಲಿಗೆ ಕುಕ್ಕುತ್ತಿದ್ದರು. ಅವನು ಮುದುಕನಾದ ಮೇಲೂ ಕಲ್ಲು ಎಲ್ಲಿತ್ತು ಅಂತ ಮರೆಯಬಾರದು, ಅದಕ್ಕೆ. ಕೆಲವು ಊರುಗಳಲ್ಲಿ ಈ ಸುತ್ತು ಈಗಲೂ ನಡೆಯುತ್ತದೆ, ಹುಡುಗರಿಗೆ ಪೆಟ್ಟು ಮಾತ್ರ ಇಲ್ಲ.

ಆಮೇಲೆ ಸರ್ಕಾರ ಇದೇ ಎಲ್ಲೆಯ ಮೇಲೆ ಒಂದೊಂದೇ ಕೆಲಸ ಹೇರಿತು. 1538ರಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿಯ ಲೆಕ್ಕ ಬರೆದಿಡುವುದು. 1555ರಲ್ಲಿ ರಸ್ತೆ ರಿಪೇರಿ, ಊರಿನವರೇ ವರ್ಷಕ್ಕೆ ನಾಲ್ಕು ದಿನ ದುಡಿಯಬೇಕು. 1601ರ ಕಾನೂನಿನಲ್ಲಿ ಬಡವರನ್ನು ಸಾಕುವ ಹೊಣೆ, ಅದಕ್ಕೆ ಮನೆ ಜಮೀನಿನ ಮೇಲೆ ತೆರಿಗೆ.

ಎಲ್ಲೆ ಕ್ರೂರವಾದದ್ದು ಇಲ್ಲಿಂದ. ಬಡವ ಯಾವ ಪ್ಯಾರಿಷ್‌ಗೆ ಸೇರಿದವನೋ ಅದೇ ಅವನಿಗೆ ಅನ್ನ ಹಾಕಬೇಕು. 1662ರ ಕಾನೂನಿನ ಪ್ರಕಾರ ಹೊಸದಾಗಿ ಬಂದವನು ಮುಂದೆ ಊರಿಗೆ ಹೊರೆಯಾಗಬಹುದು ಅನ್ನಿಸಿದರೆ 40 ದಿನದೊಳಗೆ ವಾಪಸ್ ಕಳಿಸಬಹುದಿತ್ತು. ಮದುವೆಯಾಗದ ಹೆಂಗಸಿನ ಮಗು ಹುಟ್ಟಿದ ಪ್ಯಾರಿಷ್‌ಗೇ ಸೇರುತ್ತಿತ್ತು. ಹಾಗಾಗಿ ತುಂಬು ಬಸುರಿಯನ್ನು, ನೋವು ಬರುವ ಮುಂಚೆಯೇ, ಗಾಡಿಗೆ ಹತ್ತಿಸಿ ಗಡಿಯಾಚೆ ಬಿಟ್ಟು ಬಂದ ಊರುಗಳಿವೆ. ಖರ್ಚು ಉಳಿಸುವುದಕ್ಕೆ! ಈ ಇತಿಹಾಸದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇದೇ.

1834ರಲ್ಲಿ ಬಡವರ ಹೊಣೆ ಹಲವು ಪ್ಯಾರಿಷ್‌ಗಳ ಒಕ್ಕೂಟಗಳಿಗೆ ಹೋಯಿತು. 1866ರಲ್ಲಿ, ಬಡವರನ್ನು ಸಾಕುವ ತೆರಿಗೆಯನ್ನು ಪ್ರತ್ಯೇಕವಾಗಿ ಎತ್ತುವ ಜಾಗವೇ ಪ್ಯಾರಿಷ್ ಅಂತ ಕಾನೂನು ಹೇಳಿತು. ಚರ್ಚಿನ ಪ್ಯಾರಿಷ್ ಬೇರೆ, ಆಡಳಿತದ ಪ್ಯಾರಿಷ್ ಬೇರೆ ಆದದ್ದು ಹೀಗೆ. 1894ರ ಕಾನೂನು ಹಳ್ಳಿಗಳಿಗೆ ಚುನಾಯಿತ ಪ್ಯಾರಿಷ್ ಕೌನ್ಸಿಲ್ ಕೊಟ್ಟಿತು. ಬಿಲ್‌ನಲ್ಲಿರುವ ಸಾಲು ಅದರ ಪಾಲು.

ಮಗನಿಗೆ ಒಂದು ಮಾತು ಹೇಳಿ. ಪ್ರತಿ ವರ್ಷ ಮಾರ್ಚ್ 1ರಿಂದ ಜೂನ್ 1ರೊಳಗೆ ಪ್ಯಾರಿಷ್ ಸಭೆ ಇರುತ್ತದೆ. ಕಾನೂನುಬದ್ಧವಾಗಿ ಅಲ್ಲಿ ನೆಲೆಸಿರುವ ಭಾರತೀಯ ಪ್ರಜೆ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು, ಸೇರಿಸಿದರೆ ಆ ಸಭೆಯಲ್ಲಿ ಮಾತಾಡಬಹುದು, ಮತವನ್ನೂ ಹಾಕಬಹುದು. ದುಡ್ಡು ಎಲ್ಲಿ ಖರ್ಚಾಯಿತು ಅಂತ ಅಲ್ಲೇ ಎದ್ದು ನಿಂತು ಕೇಳಲಿ.