ಪ್ಯಾಕೆಟ್ಟಿಗಿಂತ ಹಳೆಯ ಕತೆ

ಮದ್ದೂರು ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ಮಗ ಈ ಸಲ ಎಸ್ಸೆಸ್ಸೆಲ್ಸಿ. ಬಟ್ಟೆ ನೆನೆಸುವಾಗ ಪ್ಯಾಂಟಿನ ಜೇಬಲ್ಲಿ ತಂಬಾಕಿನ ಪ್ಯಾಕೆಟ್ ಸಿಕ್ಕಿತು. ಯಜಮಾನರು ಬೆಲ್ಟಿನಲ್ಲಿ ಬಾರಿಸಿದರು. ಎರಡು ದಿನ ಊಟ ಬಿಟ್ಟ. ಕೆಟ್ಟ ಸಹವಾಸ ಬಿಡಿಸುವುದು ಹೇಗೆ?’

ತಾಯೀ, ನಮಸ್ಕಾರ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಪ್ಯಾಕೆಟ್ಟೇ ಕಣ್ಣಿಗೆ ಬಿತ್ತು. ಎರಡನೇ ಸಲ, ನೀವು ಸುಮ್ನೆ ಬರೆದು ಮುಂದೆ ಹೋದ ಎರಡು ಮಾತು ನನ್ನನ್ನು ಹಿಡಿದು ನಿಲ್ಲಿಸಿದವು. ಐದನೇ ಕ್ಲಾಸಿನ ಡೈರಿಯಲ್ಲಿ ಮೇಷ್ಟ್ರು ಕೆಂಪು ಇಂಕಿನಲ್ಲಿ ಬರೆದಿದ್ದರಲ್ಲ, ‘ಜಾಗದಲ್ಲಿ ಕೂರುವುದಿಲ್ಲ, ಪಕ್ಕದವರನ್ನೂ ಬಿಡುವುದಿಲ್ಲ’ ಅಂತ, ಅದು ಒಂದು. ಅಜ್ಜಿ ತೀರಿಕೊಂಡ ಮೇಲೆ ಅವನು ಲೈಟ್ ಹಾಕಿಕೊಂಡೇ ಮಲಗುತ್ತಾನೆ ಅನ್ನುವುದು ಇನ್ನೊಂದು. ಎರಡೂ ಪ್ಯಾಕೆಟ್ಟಿಗಿಂತ ಹಳೆಯವು, ಅಲ್ವಾ?

ಸಹವಾಸದ ಪಾಲು ಇದ್ದೇ ಇದೆ. ಆದರೆ ಒಂದು ಗುಂಪಿನಲ್ಲಿ ಹತ್ತು ಹುಡುಗರು ರುಚಿ ನೋಡಿದರೆ ಹತ್ತೂ ಜನಕ್ಕೆ ಅಂಟುವುದಿಲ್ಲ. ಒಳಗೆ ಮೊದಲೇ ತಳಮಳ ಇದ್ದವನಿಗೆ ಅಪಾಯ ಜಾಸ್ತಿ. ಗಮನ ಒಂದು ಕಡೆ ನಿಲ್ಲದ, ಸುಮ್ಮನೆ ಕೂರಲಾಗದ, ಡಾಕ್ಟರುಗಳು ಎಡಿಎಚ್‌ಡಿ ಅನ್ನುವ ತೊಂದರೆ ಇರುವ ಮಗು ಯೋಚಿಸುವ ಮೊದಲೇ ಮಾಡಿಬಿಟ್ಟಿರುತ್ತದೆ. ದಿನಾ ಬೈಗುಳ, ಓದಿನಲ್ಲಿ ಹಿಂದೆ. ಕೊನೆಗೆ ಅವನನ್ನು ‘ಬಾರೋ’ ಅನ್ನುವುದು ಹಿಂದಿನ ಬೆಂಚು ಮಾತ್ರ. ಮಂಕಾಗಿರುವ ಹುಡುಗರ ಕತೆ ಬೇರೆ. ಅವರು ಗಲಾಟೆ ಮಾಡುವುದಿಲ್ಲ, ಹಾಗಾಗಿ ಯಾರೂ ಗಮನಿಸುವುದಿಲ್ಲ. ಈ ವಯಸ್ಸಿನಲ್ಲಿ ಖಿನ್ನತೆ ಅಳುವಾಗಿಯೇ ಬರಬೇಕೆಂದಿಲ್ಲ. ಎಷ್ಟೋ ಸಲ ಸಿಡುಕಾಗಿ ಬರುತ್ತದೆ. ನಾವು ಅದಕ್ಕೆ ‘ಕೊಬ್ಬು’ ಅಂತ ಹೆಸರಿಟ್ಟುಬಿಡುತ್ತೇವೆ.

ಮಂಡ್ಯದಲ್ಲಿ ನಾನು ಓದುವಾಗ ಪಕ್ಕದ ಬೆಂಚಿನವನೊಬ್ಬ ಪರೀಕ್ಷೆಗೆ ಮುಂಚೆ ಗೋಡೆ ಹಿಂದೆ ನಿಂತು ಬೀಡಿ ಸೇದುತ್ತಿದ್ದ. ಕಡ್ಡಿ ಗೀರುವಾಗ ಕೈ ನಡುಗೋದು. ‘ಎದೆ ಹೊಡ್ಕೊಳ್ಳೋದು ನಿಲ್ಲುತ್ತೆ ಕಣೋ’ ಅಂದಿದ್ದ. ನಮಗೆಲ್ಲ ಅವನೊಬ್ಬ ಪೋಲಿ, ಅಷ್ಟೇ. ಅವನಿಗೆ ಅದು ಔಷಧಿ ಆಗಿತ್ತು ಅನ್ನುವುದು ನನಗೆ ಹೊಳೆಯಲು ಮೂವತ್ತು ವರ್ಷ ಬೇಕಾಯಿತು. ಮೋಸದ ಔಷಧಿ. ತಂಬಾಕಿನಲ್ಲಿರುವ ನಿಕೋಟಿನ್ ಇಳಿಯುತ್ತಿದ್ದಂತೆ ಅದೇ ಚಡಪಡಿಕೆ, ಅದೇ ಸಿಡುಕು ತರುತ್ತದೆ. ಇನ್ನೊಂದು ಸಲ ಹಾಕಿಕೊಂಡರೆ ತಣ್ಣಗಾಗುತ್ತದೆ. ಹುಡುಗ ಅದನ್ನೇ ಗುಣ ಅಂದುಕೊಳ್ಳುತ್ತಾನೆ.

ಹಾಗಾಗಿ ‘ಬಿಡು’ ಅಂದರಷ್ಟೇ ಸಾಲದು. ಯಜಮಾನರ ಹೆದರಿಕೆ ನನಗೂ ಅರ್ಥವಾಗುತ್ತದೆ. ಆದರೆ ಬೆಲ್ಟಿನಿಂದ ಹುಡುಗ ಕಲಿಯುವುದು ಪ್ಯಾಕೆಟ್ಟನ್ನು ಇನ್ನೂ ಚೆನ್ನಾಗಿ ಬಚ್ಚಿಡುವುದನ್ನು. ಸ್ಕೂಲಿನ ಎದುರಿಗೇ ಮಾರುತ್ತಾರೆ ಅಂತಲೂ ಬರೆದಿದ್ದೀರಿ. 2003ರ ತಂಬಾಕು ಕಾಯ್ದೆಗೆ ನಮ್ಮ ರಾಜ್ಯ ಮಾಡಿರುವ ತಿದ್ದುಪಡಿ ಪ್ರಕಾರ ಶಾಲೆಯಿಂದ 100 ಮೀಟರಿನೊಳಗೆ ತಂಬಾಕು ಮಾರುವಂತಿಲ್ಲ, 21 ತುಂಬದವರಿಗಂತೂ ಎಲ್ಲೂ ಕೊಡುವಂತಿಲ್ಲ. ಹೆಡ್‌ಮಾಸ್ಟರಿಗೆ ಬರೆದು ಕೊಡಿ. ಸಿಟ್ಟು ತೀರಿಸಿಕೊಳ್ಳಲು ಬೆಲ್ಟಿಗಿಂತ ಅದು ಒಳ್ಳೆಯ ಜಾಗ.

ಮೊದಲು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಬರುವ ‘ಮನೋಚೈತನ್ಯ’ ಅನ್ನುವ ಮಂಗಳವಾರದ ಕ್ಲಿನಿಕ್ ಇದೆ. ಯಾವ ವಾರ ಬರುತ್ತಾರೆ ಅಂತ ವಿಚಾರಿಸಿಕೊಂಡು ಹೋಗಿ. ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗ ಇದೆ. ‘ತಲೆ ಕೆಟ್ಟವರ ವಾರ್ಡಿಗೆ ಹೋದ್ರು’ ಅಂತ ಊರಲ್ಲಿ ಆಡಿಕೊಳ್ಳುತ್ತಾರೆ, ನಿಜ. ಆಡಿಕೊಳ್ಳಲಿ ಬಿಡಿ. ಎಡಿಎಚ್‌ಡಿ ಅಂದು ಮಾತ್ರೆ ಬರೆದರೆ ಅದೇ ಚಟವಾಗುತ್ತದೆ ಅಂತ ಹೆದರಬೇಡಿ. ಡಾಕ್ಟರು ಹೇಳಿದ ಹಾಗೆ ಚಿಕಿತ್ಸೆ ಪಡೆದ ಮಕ್ಕಳು ಅದರಿಂದಾಗಿ ಮುಂದೆ ಚಟಕ್ಕೆ ಬೀಳುವುದಿಲ್ಲ.

ಕರೆದುಕೊಂಡು ಹೋಗುವ ಮುಂಚೆ ಒಂದು ರಾತ್ರಿ ಅವನ ಹಾಸಿಗೆ ಪಕ್ಕ ಕೂತು ಆ ಲೈಟಿನ ವಿಷಯ ಕೇಳಿ. ಪ್ಯಾಕೆಟ್ಟಿನ ಸುದ್ದಿ ಅವತ್ತು ಬೇಡ.

ಹಾಂ, ಆ ಹಳೇ ಡೈರಿ ಇನ್ನೂ ಇದ್ದರೆ ಚೀಲಕ್ಕೆ ಹಾಕಿಕೊಳ್ಳಿ. ಎಡಿಎಚ್‌ಡಿ ಹೌದೋ ಅಲ್ಲವೋ ಅಂತ ನೋಡುವಾಗ, 12 ವರ್ಷಕ್ಕೆ ಮುಂಚೆಯೇ ಹೀಗಿದ್ದನಾ ಅಂತ ಡಾಕ್ಟರು ಕೇಳೇ ಕೇಳುತ್ತಾರೆ.

– ಸಂಪಾದಕ